ಓಜು ಸಿನಿಮಾ ಅಂತ ಒಂದೇ ಫ್ರೇಮಿನಲ್ಲಿ ಗೊತ್ತಾಗುವುದು ಹೇಗೆ? (ನನಗಂತೂ ನಿದ್ದೆ ಬಂತು)

ಹಿಂದಿನ_ಸಾಲು

ಬೈಬೇಡಿ, ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಿರ್ದೇಶಕ ಯಾಸುಜಿರೊ ಓಜು ಅವರ ‘ಟೋಕಿಯೋ ಸ್ಟೋರಿ’ ಹಾಕಿಕೊಂಡು ಕೂತೆ. 1953ರ ಜಪಾನಿ ಸಿನಿಮಾ, ಕಪ್ಪು ಬಿಳುಪು, ಎರಡೂಕಾಲು ಗಂಟೆ. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ 2012ರಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಿನಿಮಾ ಯಾವುದು ಅಂತ ನಿರ್ದೇಶಕರಿಂದಲೇ ಓಟು ಹಾಕಿಸಿದಾಗ ಇದೇ ಮೊದಲು ಬಂತಂತೆ. ಆ ಆಸೆಗೇ ಹಾಕಿದ್ದು. ನಲವತ್ತು ನಿಮಿಷಕ್ಕೆ ತೂಕಡಿಕೆ ಶುರು.

ಕಥೆ ಇಷ್ಟೇ. ಒನೊಮಿಚಿ ಅನ್ನುವ ಸಣ್ಣ ಊರಿನಿಂದ ವಯಸ್ಸಾದ ಗಂಡ ಹೆಂಡತಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಗ ಡಾಕ್ಟರು, ಮಗಳದು ಬ್ಯೂಟಿ ಪಾರ್ಲರ್. ಇಬ್ಬರಿಗೂ ಪುರುಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಇನ್ನೊಬ್ಬ ಮಗನ ಹೆಂಡತಿ ಮಾತ್ರ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಎಲ್ಲರೂ ಕೂತು ಬೀಸಣಿಗೆ ಬೀಸಿಕೊಳ್ಳುತ್ತಾರೆ. ಮಧ್ಯೆ ಸುಮ್ನೆ ಹೊಗೆ ಕೊಳವೆ, ರೈಲು, ಒಣಗಿ ಹಾಕಿದ ಬಟ್ಟೆ.

ವಿಚಿತ್ರ ಏನೆಂದರೆ, ಅಮ್ಮ ಪಕ್ಕದಲ್ಲೇ ಅವರೆಕಾಳು ಹಿತಕುತ್ತಾ ಕೂತಿದ್ದರು. ಇಂಗ್ಲಿಷ್ ಸಬ್‌ಟೈಟಲ್ ಅವರಿಗೆ ಓದಲು ಬರುವುದಿಲ್ಲ. ನನಗೆ ಎಚ್ಚರ ಆದಾಗ ಅಂದರು: “ಆ ಪಾರ್ಲರ್ ಇಟ್ಕೊಂಡಿರೋಳು ಇದಾಳಲ್ಲ, ಅವಳ ಮನಸ್ಸು ಸರಿ ಇಲ್ಲ ಕಣೋ.” ಹೇಗೆ ಗೊತ್ತಾಯಿತಮ್ಮ ಅಂದರೆ, “ಗೊತ್ತಾಗತ್ತಪ್ಪ” ಅಂದರು.

ಬಲ್ಲವರೆಲ್ಲ ಓಜು ಸಿನಿಮಾ ಒಂದು ಫ್ರೇಮ್ ನೋಡಿದರೆ ಸಾಕು, ಗುರುತು ಹಿಡಿಯಬಹುದು ಅನ್ನುತ್ತಾರೆ. ಅಂಥದ್ದು ಏನಿದೆ ಇದರಲ್ಲಿ? ಯಾರಾದರೂ ಬಿಡಿಸಿ ಹೇಳಿ.

ಬೆಳ್ಳಿತೆರೆ_ಬೆಕ್ಕು

ಊಟ ಆದಮೇಲೆ ಓಜು ಹಾಕಿದ್ದು ನಿಮ್ಮ ತಪ್ಪು. ಬೆಳಿಗ್ಗೆ ಕಾಫಿ ಜೊತೆ ಹಾಕಬೇಕಿತ್ತು.

ಓಜು ಏನು ಮಾಡುತ್ತಾರೆ ಅನ್ನುವುದಕ್ಕಿಂತ ಏನೇನು ಬಿಟ್ಟರು ಅಂತ ನೋಡಿದರೆ ಬೇಗ ಹಿಡಿತಕ್ಕೆ ಸಿಗುತ್ತದೆ. ಕ್ಯಾಮೆರಾ ಓಡಿಸುವುದು ಬಿಟ್ಟರು. ‘ಟೋಕಿಯೋ ಸ್ಟೋರಿ’ಯಲ್ಲಿ ಒಂದೋ ಎರಡೋ ಕಡೆ ಕ್ಯಾಮೆರಾ ಮೆಲ್ಲಗೆ ಸರಿಯುತ್ತದೆ, ಅಷ್ಟೇ. ಆಮೇಲಿನ ಬಣ್ಣದ ಸಿನಿಮಾಗಳಲ್ಲಿ ಅದೂ ಇಲ್ಲ. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವುದು, ತೆರೆ ಕಪ್ಪಾಗಿ ಮತ್ತೆ ಬೆಳಕಾಗುವುದು, ಇವನ್ನೂ ಬಿಟ್ಟರು. ಬರೀ ಕಟ್. ಕಥೆಯಲ್ಲೂ ಅಷ್ಟೇ, ಬೇರೆಯವರು ದೊಡ್ಡದಾಗಿ ತೋರಿಸುವ ಮದುವೆ, ಸಾವು ಎಲ್ಲವನ್ನೂ ಹಾರಿಸಿಬಿಡುತ್ತಾರೆ.

ಇವೆಲ್ಲ ಗೊತ್ತಿಲ್ಲದೆ ಬಿಟ್ಟಿದ್ದಲ್ಲ. ಅವರು 1923ರಲ್ಲಿ ಶೋಚಿಕು ಕಂಪನಿಗೆ ಕ್ಯಾಮೆರಾ ಸಹಾಯಕರಾಗಿ ಸೇರಿದವರು. 1927ರಿಂದ ನಿರ್ದೇಶನ. ಶುರುವಿನಲ್ಲಿ ಹಾಲಿವುಡ್ ಹುಚ್ಚು ಜಾಸ್ತಿ ಇತ್ತು. ಆಗಿನ ಮೂಕಿ ಚಿತ್ರಗಳಲ್ಲಿ ಕ್ಯಾಮೆರಾ ಧಾರಾಳವಾಗಿ ಓಡಾಡುತ್ತದೆ. 1932ರ ‘ಐ ವಾಸ್ ಬಾರ್ನ್, ಬಟ್...’ ನೋಡಿ. ಶಾಲೆಯಲ್ಲಿ ಮಕ್ಕಳ ಸಾಲಿನ ಪಕ್ಕ ಕ್ಯಾಮೆರಾ ಸರಿದು, ಕಟ್ ಆಗಿ, ಆಫೀಸಿನಲ್ಲಿ ಆಕಳಿಸುತ್ತಿರುವ ಗುಮಾಸ್ತರ ಸಾಲಿನ ಪಕ್ಕವೂ ಅದೇ ಥರ ಸರಿಯುತ್ತದೆ. ಸಖತ್ ತಮಾಷೆ. ಅಷ್ಟು ಆಟ ಬರುತ್ತಿದ್ದವರು ಒಂದೊಂದಾಗಿ ಕೈಬಿಟ್ಟರು.

ಇನ್ನು ಕ್ಯಾಮೆರಾ ಎತ್ತರ. ಚಾಪೆ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಇಡುತ್ತಿದ್ದರು. ಜಪಾನಿನವರು ಮನೆಯಲ್ಲಿ ನೆಲದ ಮೇಲೆ ಕೂರುತ್ತಾರಲ್ಲ, ನಾವೂ ಅವರ ಜೊತೆ ಕೂತ ಹಾಗೆ ಅನಿಸುತ್ತದೆ.

ಮುಕ್ಕಾಲಿ_ಮಂಜ

ಬೆಕ್ಕು ಮೇಡಂ, ಒಂದು ತಿದ್ದುಪಡಿ. ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೆ. ಆದರೆ ಕ್ಯಾಮೆರಾ ಕೂತವರ ಕಣ್ಣಿಗಿಂತ ಕೆಳಗಿದೆ. ನೆಲದಿಂದ ಒಂದೆರಡು ಅಡಿ, ಕೆಲವು ಸಲ ಅದೂ ಇಲ್ಲ. ಬೀದಿಯಲ್ಲಿ, ಆಫೀಸಿನಲ್ಲಿ, ಯಾರೂ ನೆಲದ ಮೇಲೆ ಕೂತಿಲ್ಲದ ಕಡೆಯೂ ತಗ್ಗಿನಲ್ಲೇ ಇದೆ. ಖಾಲಿ ಓಣಿ ತೋರಿಸುವಾಗಲೂ ತಗ್ಗಿನಲ್ಲೇ. ಅಲ್ಲಿ ಯಾರ ಕಣ್ಣು? ಡೇವಿಡ್ ಬೋರ್ಡ್‌ವೆಲ್ ಅನ್ನುವ ಸಿನಿಮಾ ಪಂಡಿತರು ಇದನ್ನು ಶಾಟ್ ಶಾಟ್ ಎಣಿಸಿ ಬರೆದಿದ್ದಾರೆ. ಏನನ್ನು ತೋರಿಸುತ್ತಾರೋ ಅದಕ್ಕಿಂತ ಕ್ಯಾಮೆರಾ ಕೆಳಗಿರಬೇಕು, ಅಷ್ಟೇ ಲೆಕ್ಕ.

ನಾನು ಮದುವೆ ವಿಡಿಯೋ ಮಾಡುವವನು. ನನಗೆ ಇಷ್ಟವಾದ ಕಥೆ ಇದು. ಈ ತಗ್ಗಿನ ಕ್ಯಾಮೆರಾ ಹೇಗೆ ಶುರುವಾಯಿತು ಅಂತ ಓಜು ಅವರೇ ಹೇಳಿಕೊಂಡಿದ್ದಾರೆ. 1928ರ ಹೊತ್ತಿಗೆ ಸ್ಟುಡಿಯೋದಲ್ಲಿ ಲೈಟು ಕಮ್ಮಿ. ಶಾಟ್ ಬದಲಾದ ಹಾಗೆಲ್ಲ ಲೈಟು ಎತ್ತಿ ಇಡಬೇಕು. ನೆಲದ ತುಂಬಾ ವೈರು. ಪ್ರತಿ ಸಲ ವೈರು ಸರಿಸುತ್ತಾ ಕೂತರೆ ದಿನ ಮುಗಿದುಹೋಗುತ್ತದೆ. ಕ್ಯಾಮೆರಾ ಕೆಳಗಿಟ್ಟು ಸ್ವಲ್ಪ ಮೇಲಕ್ಕೆ ನೋಡಿದರೆ ನೆಲ ಕಾಣುವುದಿಲ್ಲ, ವೈರೂ ಕಾಣುವುದಿಲ್ಲ! ಛತ್ರದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಎಡವಿ ಬಿದ್ದವನಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಪಂಡಿತರು ಇದಕ್ಕೆ ಝೆನ್, ಧ್ಯಾನ ಅಂತೆಲ್ಲ ಹೆಸರಿಟ್ಟರು.

ಲೆನ್ಸು ಯಾವಾಗಲೂ ಒಂದೇ ಅನ್ನಬಹುದು, 50 ಎಂಎಂ. ನಮ್ಮ ಮನೆ ನಡುಮನೆಯಲ್ಲಿ ಒಂದು ದಿನ ಹಾಗೇ ಮಾಡಿ ನೋಡಿದೆ. ಕ್ಯಾಮೆರಾವನ್ನು ಮಣೆ ಮೇಲೆ ಇಟ್ಟು 50ರ ಲೆನ್ಸು ಹಾಕಿದೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ಅವಳು ಪೂರ್ತಿ ಫ್ರೇಮಿಗೆ ಬರಬೇಕು ಅಂದರೆ ನಾನು ಹಿಂದೆ ಹಿಂದೆ ಹೋಗಿ ಬಚ್ಚಲುಮನೆ ಬಾಗಿಲಿಗೆ ಬೆನ್ನು ಕೊಟ್ಟೆ. ಓಜು ಅವರದು ಸ್ಟುಡಿಯೋ ಸೆಟ್ಟು, ಜಾಗಕ್ಕೆ ಬರವಿಲ್ಲ. ಆದರೆ ತೆಗೆದದ್ದನ್ನು ನೋಡಿದರೆ ಒಂದು ಮಜಾ ಇತ್ತು. ಬಾಗಿಲ ಚೌಕಟ್ಟು, ಅದರಾಚೆ ಅಡುಗೆಮನೆ ಚೌಕಟ್ಟು, ಅದರಾಚೆ ಹಿತ್ತಲ ಬಾಗಿಲು, ಒಂದರೊಳಗೆ ಒಂದು. ನಿಂತು ತೆಗೆದಾಗ ಟೇಬಲ್ಲು, ನೆಲ, ಚೆಲ್ಲಾಪಿಲ್ಲಿ ಸಾಮಾನು ಎಲ್ಲ ಕಾಣುತ್ತವೆ. ಕೆಳಗಿಂದ ತೆಗೆದಾಗ ಮನೆ ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ. ಹದಿನೈದು ವರ್ಷ ಅದೇ ಮನೆಯಲ್ಲಿದ್ದೇನೆ, ನಮ್ಮ ಮನೆಗೆ ಅಷ್ಟು ಚೌಕಟ್ಟು ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಅರ್ಧ_ಟಿಕೆಟ್

ಎಲ್ಲ ಸರಿ ಸ್ವಾಮಿ. ಇದು ಶೈಲಿಯೋ ಚಾಳಿಯೋ? ಒಬ್ಬ ಮನುಷ್ಯ ಮೂವತ್ತು ವರ್ಷ ಒಂದೇ ಲೆನ್ಸು, ಒಂದೇ ಎತ್ತರ, ಅದೇ ನಟರು, ಅದೇ ಮಗಳ ಮದುವೆ ಕಥೆ ಇಟ್ಟುಕೊಂಡು ತೆಗೆದರೆ ಗುರುತು ಸಿಗದೆ ಇರುತ್ತದೆಯೇ? ನಮ್ಮ ಬೀದಿ ಸೊಪ್ಪಿನವನ ಕೂಗು ಕೂಡ ಮೂರನೇ ಮನೆಯಿಂದಲೇ ಗೊತ್ತಾಗುತ್ತದೆ.

ಹೆಸರುಗಳನ್ನಾದರೂ ನೋಡಿ. ‘ಲೇಟ್ ಸ್ಪ್ರಿಂಗ್’, ‘ಅರ್ಲಿ ಸಮ್ಮರ್’, ‘ಅರ್ಲಿ ಸ್ಪ್ರಿಂಗ್’, ‘ಲೇಟ್ ಆಟಮ್’, ‘ದಿ ಎಂಡ್ ಆಫ್ ಸಮ್ಮರ್’. ಪಂಚಾಂಗ ಇಟ್ಟುಕೊಂಡು ಸಿನಿಮಾ ತೆಗೆದ ಹಾಗಿದೆ. ಯಾವುದನ್ನು ನೋಡಿದ್ದೇನೆ ಯಾವುದನ್ನು ಬಿಟ್ಟಿದ್ದೇನೆ ನನಗೇ ಗೊತ್ತಿಲ್ಲ.

ಪುಟ್ಟಣ್ಣ ಕಣಗಾಲ್ ಅವರದೂ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಅಲ್ಲಿ ಏನೋ ಒಂದು ಮಾಡಿದ್ದಾರೆ ಅನಿಸುತ್ತದೆ. ‘ನಾಗರಹಾವು’ ಚಿತ್ರದ ‘ಬಾರೇ ಬಾರೇ’ ಹಾಡನ್ನು ಪೂರ್ತಿ ಸ್ಲೋ ಮೋಷನ್ನಿನಲ್ಲಿ ತೆಗೆದರು, 1972ರಲ್ಲಿ. ಅದಕ್ಕೆ ಧೈರ್ಯ ಬೇಕು. ಕ್ಯಾಮೆರಾ ನೆಲದ ಮೇಲಿಟ್ಟು ಸುಮ್ಮನೆ ಕೂರಲು ಏನು ಬೇಕು?

ಬೆಳ್ಳಿತೆರೆ_ಬೆಕ್ಕು

ಮಂಜಣ್ಣ, ಒಪ್ಪಿದೆ, ತಪ್ಪು ನನ್ನದೇ.

ಟಿಕೆಟ್ ಅವರೇ, ಸುಮ್ಮನೆ ಕೂರಲು ಏನು ಬೇಕು ಅಂತ ಕೇಳಿದಿರಲ್ಲ. ಓಜು ಸೆಟ್ಟಿನಲ್ಲಿ ಯಾರೂ ಸುಮ್ಮನೆ ಕೂತಿರಲಿಲ್ಲ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು, ಆ ಬಟ್ಟಲು ಸ್ವಲ್ಪ ಎಡಕ್ಕೆ, ಆ ಬಿಯರ್ ಬಾಟಲಿ ಒಂಚೂರು ಹಿಂದಕ್ಕೆ ಅಂತ ಸರಿಸುತ್ತಲೇ ಇರುತ್ತಿದ್ದರು. ಶಾಟ್ ಬದಲಾದರೆ ಮತ್ತೆ ಸರಿಸುವುದು. ಹಿಂದಿನ ಶಾಟಿನಲ್ಲಿ ಬಾಟಲಿ ಎಲ್ಲಿತ್ತು ಅನ್ನುವ ಲೆಕ್ಕ ಅವರಿಗೆ ಬೇಡ. ಈ ಫ್ರೇಮಿನಲ್ಲಿ ಎಲ್ಲಿದ್ದರೆ ಚೆನ್ನ, ಅಷ್ಟೇ. 1958ರ ‘ಈಕ್ವಿನಾಕ್ಸ್ ಫ್ಲವರ್’ ಅವರ ಮೊದಲ ಬಣ್ಣದ ಚಿತ್ರ. ಅದರಲ್ಲಿ ಒಂದು ಕೆಂಪು ಕೆಟಲ್ ಇದೆ. ಮನೆಯೊಳಗೆ ಶಾಟಿನಿಂದ ಶಾಟಿಗೆ ಜಾಗ ಬದಲಿಸುತ್ತಾ ಹೋಗುತ್ತದೆ, ಯಾರೂ ಮುಟ್ಟಿರುವುದಿಲ್ಲ! ಕೆಂಪು ಚೆನ್ನಾಗಿ ಬರುತ್ತದೆ ಅಂತಲೇ ಅವರು ಜರ್ಮನಿಯ ಆಗ್ಫಾ ಫಿಲ್ಮ್ ಆರಿಸಿಕೊಂಡಿದ್ದು.

ಚಾಳಿ ಆಗಿದ್ದರೆ ಇಷ್ಟು ಒದ್ದಾಡುತ್ತಿದ್ದರೇ? ಚಾಳಿಗೆ ಕಷ್ಟಪಡಬೇಕಿಲ್ಲ.

ಯೊಕೊಹಾಮಾ_ಫಿಲ್ಟರ್_ಕಾಫಿ

ಇಲ್ಲಿ ಜಪಾನಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಹಾಗಾಗಿ ಬಾಯಿ ಹಾಕುತ್ತೇನೆ.

‘ಈಕ್ವಿನಾಕ್ಸ್ ಫ್ಲವರ್’ಗೆ ಜಪಾನಿ ಹೆಸರು ‘ಹಿಗನ್‌ಬಾನಾ’. ಸೆಪ್ಟೆಂಬರ್ ಕೊನೆಯಲ್ಲಿ ಗದ್ದೆ ಬದುಗಳಲ್ಲಿ, ಸ್ಮಶಾನಗಳ ಹತ್ತಿರ ಬಿಡುವ ಕಡುಕೆಂಪು ಹೂವು. ಸಿನಿಮಾದಲ್ಲಿ ಆ ಹೂವು ನನಗಂತೂ ಕಂಡಿಲ್ಲ, ಕೆಟಲ್ಲೇ ಇದೆ. ಕೊನೆಯ ಚಿತ್ರ, 1962ರದು, ಇಂಗ್ಲಿಷಿನಲ್ಲಿ ‘ಆನ್ ಆಟಮ್ ಆಫ್ಟರ್‌ನೂನ್’. ಜಪಾನಿಯಲ್ಲಿ ಅದು ‘ಸಾನ್ಮಾ ಮೀನಿನ ರುಚಿ’. ಆ ಮೀನೂ ಸಿನಿಮಾದಲ್ಲಿ ಇಲ್ಲ. ಪಂಚಾಂಗದ ಗೊಂದಲದಲ್ಲಿ ಅರ್ಧ ಇಂಗ್ಲಿಷ್ ಹೆಸರು ಇಟ್ಟವರ ಪಾಲು, ಟಿಕೆಟ್ ಸರ್.

ಸಬ್‌ಟೈಟಲಿನಲ್ಲಿ ಸಿಗದೆ ಹೋಗುವುದು ಮಾತಿನ ತಾಳ. ಒಬ್ಬ “ಸೋ ಕಾ” ಅನ್ನುತ್ತಾನೆ, ಹೌದಾ ಅಂತ. ಇನ್ನೊಬ್ಬ “ಸೋ ಸಾ” ಅನ್ನುತ್ತಾನೆ, ಹೌದು ಅಂತ. ಮತ್ತೆ ಮೊದಲನೆಯವನು, “ಸೋ ಕಾ...” ನಮ್ಮ ಜಗಲಿ ಮೇಲೆ ಇಬ್ಬರು ಅಜ್ಜಂದಿರು “ಹೌದಾ... ಹೌದು ಮಾರಾಯ... ಹೌದಾ” ಅಂತ ಹತ್ತು ನಿಮಿಷ ಕಳೆದ ಹಾಗೇ. ಮಾಹಿತಿ ಏನೂ ಇಲ್ಲ, ಆದರೆ ಮೂರನೇ ‘ಹೌದಾ’ಕ್ಕೆ ಎದೆ ಭಾರ ಆಗಿರುತ್ತದೆ. ಸಬ್‌ಟೈಟಲ್ ಬರೆಯುವವರು ಮೂರಕ್ಕೂ ಬೇರೆ ಬೇರೆ ವಾಕ್ಯ ಹಾಕಿಬಿಡುತ್ತಾರೆ. ಹಿಂದಿನ_ಸಾಲು ಅವರ ಅಮ್ಮ ಸಬ್‌ಟೈಟಲ್ ಓದದೆ ದನಿ ಕೇಳಿಸಿಕೊಂಡರು. ಅವರಿಗೆ ಸಿಕ್ಕಿದ್ದು ಅದೇ ಇರಬೇಕು.

ಈ ಮಾತುಗಳನ್ನು ಸುಮ್ನೆ ಗೀಚಿದ್ದಲ್ಲ. ಓಜು ಮತ್ತು ಅವರ ಜೊತೆ ಚಿತ್ರಕಥೆ ಬರೆಯುತ್ತಿದ್ದ ಕೋಗೋ ನೋದಾ ಇಬ್ಬರೂ ಚಿಗಾಸಾಕಿ ಊರಿನ ಕಡಲ ಪಕ್ಕದ ಹೋಟೆಲಿನ ಕೋಣೆ ಹಿಡಿದು ಕೂತು ಬರೆಯುತ್ತಿದ್ದರು. ‘ಟೋಕಿಯೋ ಸ್ಟೋರಿ’ ಚಿತ್ರಕಥೆಗೆ 103 ದಿನ ಹಿಡಿಯಿತು. ಸಾಕೆ (ಜಪಾನಿನ ಅಕ್ಕಿ ಮದ್ಯ) ಕುಡಿಯುತ್ತಾ, ಮಾತು ಬಾಯಲ್ಲಿ ಆಡಿ ನೋಡುತ್ತಾ. ಬರೆದು ಮುಗಿದ ಮೇಲೆ ನಟರು ಒಂದು ಅಕ್ಷರ ಬದಲಿಸುವ ಹಾಗಿಲ್ಲ.

ಅರ್ಧ_ಟಿಕೆಟ್

103 ದಿನ ಸಾಕೆ ಕುಡಿದು ಬರೆದಿದ್ದು “ಹೌದಾ, ಹೌದು”. ಈ ಕೆಲಸ ನನಗೂ ಕೊಡಿಸಿ.

ಮುಕ್ಕಾಲಿ_ಮಂಜ

ಹಹಾ. ಟಿಕೆಟ್ಟಣ್ಣ, ನಿಮಗೆ ಧೈರ್ಯದ ಕೆಲಸವೇ ಬೇಕು ಅಂದರೆ ಇದು ಕೇಳಿ.

ಇಬ್ಬರು ಎದುರುಬದುರು ಕೂತು ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಅವರಿಬ್ಬರ ನಡುವೆ ಒಂದು ಗೆರೆ ಎಳೆದರೆ ಕ್ಯಾಮೆರಾ ಯಾವಾಗಲೂ ಗೆರೆಯ ಒಂದೇ ಕಡೆ ಇರಬೇಕು. ಆಗ ಒಬ್ಬ ಬಲಕ್ಕೆ ನೋಡುತ್ತಾನೆ, ಇನ್ನೊಬ್ಬ ಎಡಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಅಂತ ನಮಗೆ ಅನಿಸುತ್ತದೆ. ಈ ಕೆಲಸ ಕಲಿಯುವವನಿಗೆ ಮೊದಲ ವಾರ ಕಲಿಸುವುದೇ ಇದನ್ನು. ಗೆರೆ ದಾಟಬೇಡ.

ಓಜು ದಾಟುತ್ತಾರೆ. ದಿನಾ, ಬೇಕೆಂದೇ. ಕ್ಯಾಮೆರಾವನ್ನು ಇಬ್ಬರ ನಡುವೆ ತಂದು, ಮಾತಾಡುವವರ ಮುಂದೆಯೇ ಇಡುತ್ತಾರೆ. ಮಾತಾಡುವವರು ಲೆನ್ಸಿನ ಪಕ್ಕಕ್ಕೇ, ಅಂದರೆ ಹೆಚ್ಚುಕಮ್ಮಿ ನಮ್ಮ ಮುಖವನ್ನೇ ನೋಡುತ್ತಾರೆ. ಕಟ್ ಆದರೆ ಎದುರಿನವರೂ ಅದೇ ಕಡೆ ನೋಡುತ್ತಾರೆ. ಇಬ್ಬರ ತಲೆಯೂ ಫ್ರೇಮಿನಲ್ಲಿ ಅದೇ ಜಾಗ, ಅದೇ ಅಳತೆ. ಕಟ್ ಆದಾಗ ಕಣ್ಣು ಎಲ್ಲಿಗೂ ಓಡಬೇಕಿಲ್ಲ. ಒಂದು ಮುಖ ಇದ್ದಲ್ಲೇ ಇನ್ನೊಂದು ಮುಖ ಬಂದು ಕೂತಿರುತ್ತದೆ.

ಇದನ್ನು ನಾನು ಒಂದು ಮದುವೆಯಲ್ಲಿ ಮಾಡಿದೆ. ನಿಶ್ಚಿತಾರ್ಥದಲ್ಲಿ ಎರಡೂ ಕಡೆಯ ಹಿರಿಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿ, ಓಜು ಥರ ಕತ್ತರಿಸಿ ಜೋಡಿಸಿದೆ. ಹುಡುಗಿ ತಂದೆ ನೋಡಿ, “ಏನ್ರೀ, ಬೀಗರು ನನ್ನ ಮುಖ ನೋಡ್ತಾನೇ ಇಲ್ಲ, ಇಬ್ಬರೂ ಗೋಡೆ ನೋಡ್ತಿದೀವಲ್ಲ!” ಅಂದರು. ದುಡ್ಡು ಕೊಡಲು ಎರಡು ತಿಂಗಳು ಸತಾಯಿಸಿದರು. ನಾನು ತಪ್ಪಿದ್ದು ಎಲ್ಲಿ ಅಂತ ಆಮೇಲೆ ಹೊಳೆಯಿತು. ಮಿಕ್ಕ ವಿಡಿಯೋ ಪೂರ್ತಿ ಮಾಮೂಲಿ ಥರ ಇತ್ತು, ಇದೊಂದೇ ತುಂಡು ಓಜು. ಅವರ ಸಿನಿಮಾದಲ್ಲಿ ಮೊದಲ ನಿಮಿಷದಿಂದಲೇ ಹಾಗಿರುತ್ತದೆ. ಹತ್ತು ನಿಮಿಷಕ್ಕೆ ನಮ್ಮ ಕಣ್ಣು ಆ ಮನೆಗೆ ಒಗ್ಗಿಕೊಳ್ಳುತ್ತದೆ. ಒಂದು ರೂಲು ತಂದು ಬೇರೆ ಮನೆಗೆ ಅಂಟಿಸಿದರೆ ಬರುವುದಿಲ್ಲ.

ಅವರ ಕ್ಯಾಮೆರಾಮನ್ ಯುಹಾರು ಅತ್ಸುತಾ ಅಂತ. ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ 1985ರಲ್ಲಿ ‘ಟೋಕಿಯೋ-ಗಾ’ ಅನ್ನುವ ಸಾಕ್ಷ್ಯಚಿತ್ರದಲ್ಲಿ ಅವರನ್ನು ಮಾತಾಡಿಸಿದ್ದಾರೆ. ಅಜ್ಜ ನೆಲದ ಮೇಲೆ ಮಲಗಿ ಕ್ಯಾಮೆರಾ ಹೇಗಿಡುತ್ತಿದ್ದೆವು ಅಂತ ತೋರಿಸುತ್ತಾರೆ. ಓಜು ಶಾಟ್ ಅಳೆಯುತ್ತಿದ್ದ ಸ್ಟಾಪ್‌ವಾಚ್ ತೋರಿಸುತ್ತಾರೆ. ಮಾತಾಡುತ್ತಾ ಮಾತಾಡುತ್ತಾ ಅತ್ತುಬಿಡುತ್ತಾರೆ. ಕ್ಯಾಮೆರಾ ಹಿಡಿಯುವ ಯಾರೇ ಆಗಲಿ ಅದನ್ನು ನೋಡಬೇಕು.

ಕೆಂಪು_ಬಸ್ಸು

ಹೊಗೆ ಕೊಳವೆ, ಒಣಗಿದ ಬಟ್ಟೆ ಯಾಕೆ ಬರುತ್ತವೆ ಅಂತ ಯಾರೂ ಹೇಳಲಿಲ್ಲ. ನನಗೂ ಅದೇ ಪ್ರಶ್ನೆ.

ಬೆಳ್ಳಿತೆರೆ_ಬೆಕ್ಕು

ಅದಕ್ಕೆ ‘ಪಿಲ್ಲೋ ಶಾಟ್’ ಅಂತ ಹೆಸರು, ದಿಂಬಿನ ಶಾಟ್. ನೋಯೆಲ್ ಬರ್ಚ್ ಅನ್ನುವ ವಿಮರ್ಶಕ ಇಟ್ಟಿದ್ದು. ಹಳೆಯ ಜಪಾನಿ ಕಾವ್ಯದಲ್ಲಿ ಒಂದು ಪದದ ತಲೆಗೆ ದಿಂಬಿನ ಹಾಗೆ ಮುಂಚೆ ಬರುವ ಪದಗಳಿವೆಯಂತೆ, ಅಲ್ಲಿಂದ ತೆಗೆದುಕೊಂಡ ಹೆಸರು. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲು ಯಾರೂ ಇಲ್ಲದ ಮೂರು ನಾಲ್ಕು ಶಾಟ್. ಕೊಳವೆ, ಓಣಿ, ಬಾರಿನ ಬೋರ್ಡು. ಊಟದ ಕೊನೆಯ ಮಜ್ಜಿಗೆ ಅಂದುಕೊಳ್ಳಿ.

ಯೊಕೊಹಾಮಾ_ಫಿಲ್ಟರ್_ಕಾಫಿ

ಮಜ್ಜಿಗೆ ಅಲ್ಲ ಮೇಡಂ. ಮಜ್ಜಿಗೆ ಜೀರ್ಣಕ್ಕೆ. ಇದು ಹಸಿವೆ ಉಳಿಸುವಂಥದ್ದು. ಎಷ್ಟೋ ಸಲ ಆ ಶಾಟ್‌ಗಳೊಳಗೇ ಮುಖ್ಯ ಘಟನೆ ನಡೆದುಹೋಗಿರುತ್ತದೆ.

‘ಟೋಕಿಯೋ ಸ್ಟೋರಿ’ಯಲ್ಲಿ ತಾಯಿ ಸಾಯುವುದನ್ನು ನೋಡಿ. (ಹಿಂದಿನ_ಸಾಲು ಅವರೇ, ಕಣ್ಣು ಮುಚ್ಚಿಕೊಳ್ಳಿ. ನೀವು ಮುಚ್ಚಿಕೊಂಡೇ ಇದ್ದಿರಿ ಬಿಡಿ.) ರಾತ್ರಿ ಡಾಕ್ಟರ್ ಮಗ ತಂಗಿಗೂ ತಂದೆಗೂ ಹೇಳುತ್ತಾನೆ, ಬೆಳಗಾಗುವವರೆಗೆ ಉಳಿದರೆ ಹೆಚ್ಚು. ಕಟ್. ಬೆಳಗಿನ ಒನೊಮಿಚಿ. ಯಾರೂ ಇಲ್ಲದ ದಡ, ಖಾಲಿ ಬೀದಿ. ಕಟ್. ಮನೆಯಲ್ಲಿ ಎಲ್ಲರೂ ಸುತ್ತ ಕೂತಿದ್ದಾರೆ, ತಾಯಿಯ ಮುಖದ ಮೇಲೆ ಬಿಳಿ ಬಟ್ಟೆ. ಸಾವು ಆ ಖಾಲಿ ಬೀದಿಯಲ್ಲಿ ಆಗಿಹೋಯಿತು. ಕೊನೆಯುಸಿರು, ಕಿರುಚಾಟ, ಪಿಟೀಲು ಯಾವುದೂ ಇಲ್ಲ.

ತಂದೆ ಕಾಣುವುದಿಲ್ಲ. ಸೊಸೆ ನೊರಿಕೊ ಹುಡುಕಿಕೊಂಡು ಹೊರಗೆ ಹೋಗುತ್ತಾಳೆ. ಕಡಲು ಕಾಣುವ ಜಾಗದಲ್ಲಿ ಅವರು ಒಬ್ಬರೇ ನಿಂತಿರುತ್ತಾರೆ. ಅವರು ಹೇಳುವುದು ಬೆಳಗು ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆ ಆಗುತ್ತದೆ ಅಂತ. ಅಷ್ಟೇ.

ಕೆಂಪು_ಬಸ್ಸು

ಓದಿ ಸುಮ್ಮನಾದೆ. ನಮ್ಮಪ್ಪ ತೀರಿಕೊಂಡ ಬೆಳಿಗ್ಗೆ ದೊಡ್ಡಪ್ಪ ಜಗಲಿಗೆ ಬಂದು ನನ್ನನ್ನು ಕೇಳಿದ್ದು, “ಹಾಲಿನವನು ಬಂದ್ನಾ?” ಅಂತ. ಆಗ ಸಿಟ್ಟು ಬಂದಿತ್ತು.

ಅರ್ಧ_ಟಿಕೆಟ್

ಇದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪಂಡಿತರು ಇದನ್ನೇ ಹಿಡಿದು ಎಳೆದಾಡುವುದು ನೋಡಿದರೆ ತಲೆ ಕೆಡುತ್ತದೆ. ‘ಲೇಟ್ ಸ್ಪ್ರಿಂಗ್’ ಹೂದಾನಿ ಬಗ್ಗೆ ಓದಿದ್ದೀರಾ? ಒಂದು ಹೂದಾನಿಗೆ ಎಷ್ಟು ಪುಟ!

ಬೆಳ್ಳಿತೆರೆ_ಬೆಕ್ಕು

ಓದಿದ್ದೇನೆ, ಜಗಳವನ್ನೂ ಆಡಿದ್ದೇನೆ. ಗೊತ್ತಿಲ್ಲದವರಿಗೆ: 1949ರ ಚಿತ್ರ. ಹೆಂಡತಿ ಸತ್ತ ಪ್ರೊಫೆಸರ್, ಅವರನ್ನು ನೋಡಿಕೊಳ್ಳುತ್ತಾ ಮದುವೆ ಬೇಡ ಅನ್ನುವ ಮಗಳು. ಅವಳು ಒಪ್ಪಲಿ ಅಂತ ಅಪ್ಪ ತಾನೇ ಇನ್ನೊಂದು ಮದುವೆ ಆಗುತ್ತೇನೆ ಅಂತ ಸುಳ್ಳು ಹೇಳುತ್ತಾನೆ. ಮದುವೆಗೆ ಮುಂಚೆ ಇಬ್ಬರೂ ಕೊನೆಯ ಸಲ ಕ್ಯೋಟೋಗೆ ಹೋಗುತ್ತಾರೆ. ರಾತ್ರಿ ಹೋಟೆಲ್ ಕೋಣೆಯಲ್ಲಿ ಪಕ್ಕ ಪಕ್ಕ ಹಾಸಿಗೆ. ಮಗಳು ಏನೋ ಹೇಳಲು ಹೋಗುತ್ತಾಳೆ, ಅಪ್ಪನಿಗೆ ನಿದ್ದೆ ಬಂದಿದೆ. ಅವಳ ಮುಖದಲ್ಲಿ ಸಣ್ಣ ನಗು. ಕಟ್, ಕತ್ತಲಲ್ಲಿ ಒಂದು ಹೂದಾನಿ, ಹಿಂದಿನ ಕಾಗದದ ಪರದೆ ಮೇಲೆ ಬಿದಿರಿನ ನೆರಳು. ಕಟ್, ಅವಳ ಮುಖ, ಈಗ ಕಣ್ಣು ತುಂಬುವ ಹಾಗಿದೆ. ಮತ್ತೆ ಹೂದಾನಿ, ಇನ್ನೂ ಸ್ವಲ್ಪ ಜಾಸ್ತಿ ಹೊತ್ತು. ಮುಗಿಯಿತು.

ಪಾಲ್ ಶ್ರೇಡರ್ ಅನ್ನುವ ಅಮೆರಿಕದ ವಿಮರ್ಶಕರು 1972ರ ಪುಸ್ತಕದಲ್ಲಿ ಆ ಹೂದಾನಿಯೇ ಎಲ್ಲವನ್ನೂ ಮೀರಿದ ಸ್ಥಿತಿ ಅನ್ನುವಷ್ಟು ದೂರ ಹೋದರು. ಇನ್ನು ಕೆಲವರು, ಅದು ಸುಮ್ಮನೆ ಕೋಣೆಯ ಸಾಮಾನು ಅಂದರು. ನನಗೆ ಅನಿಸುವುದು ಇಷ್ಟು: ನಗು ಅಳುವಾಗಿ ತಿರುಗುವ ಆ ಗಳಿಗೆಯನ್ನು ನಟಿಯ ಮುಖದ ಮೇಲೆ ತೋರಿಸಬಹುದಿತ್ತು. ಸೆತ್ಸುಕೊ ಹಾರಾ ಅದನ್ನು ಮಾಡದ ನಟಿಯೇನಲ್ಲ. ಓಜು ನಮ್ಮ ಮುಖವನ್ನೇ ಪಕ್ಕಕ್ಕೆ ತಿರುಗಿಸಿಬಿಟ್ಟರು. ಯಾರಾದರೂ ಅಳಲು ಶುರು ಮಾಡಿದಾಗ ನಾವು ಕಿಟಕಿ ಕಡೆ ನೋಡುತ್ತೇವಲ್ಲ, ಹಾಗೆ.

ಆಮೇಲೆ ಮದುವೆಯನ್ನೇ ತೋರಿಸುವುದಿಲ್ಲ! ಸಿನಿಮಾ ಪೂರ್ತಿ ಮದುವೆ ಮದುವೆ ಅಂತ ಮಾತು. ಕೊನೆಗೆ ಮದುಮಗಳ ಬಟ್ಟೆಯಲ್ಲಿ ಮಗಳು ನೊರಿಕೊ (ಇವಳಿಗೂ ಅದೇ ಹೆಸರು), ಅವಳು ಹೋದ ಮೇಲೆ ಖಾಲಿ ಕೋಣೆ. ಗಂಡು ಯಾರು, ಹೇಗಿದ್ದಾನೆ, ಒಂದು ಶಾಟಿನಲ್ಲೂ ಕಾಣುವುದಿಲ್ಲ. ಹಾಲಿವುಡ್ ನಟ ಗ್ಯಾರಿ ಕೂಪರ್ ಹಾಗಿದ್ದಾನೆ ಅಂತ ಸೋದರತ್ತೆ ಹೇಳುತ್ತಾಳೆ, ಅಷ್ಟೇ ನಮಗೆ ಗೊತ್ತಿರುವುದು.

ಮುಕ್ಕಾಲಿ_ಮಂಜ

ಮದುವೆ ಇಲ್ಲದ ಮದುವೆ ಸಿನಿಮಾ. ನನ್ನ ಹೊಟ್ಟೆಪಾಡಿಗೇ ಕಲ್ಲು.

ಅದರ ಕೊನೆಯ ಶಾಟ್‌ಗಳಲ್ಲಿ ಅಪ್ಪ ಒಬ್ಬನೇ ಕೂತು ಸೇಬು ಸುಲಿಯುತ್ತಾನೆ. ಸಿಪ್ಪೆ ಉದ್ದಕ್ಕೆ ಇಳಿಯುತ್ತಾ ಇರುತ್ತದೆ, ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ. ಅಲ್ಲಿ ಗೋಳೋ ಅಂತ ಅಳಬೇಕು ಅಂತ ಓಜು ಹೇಳಿದ್ದರಂತೆ. ಅಪ್ಪನ ಪಾತ್ರ ಮಾಡಿದ ಚಿಶು ರ್ಯು ನನ್ನ ಕೈಲಿ ಆಗುವುದಿಲ್ಲ ಅಂದರು, ಓಜು ಬಿಟ್ಟರು. ರ್ಯು ತಾವೇ ಇದನ್ನು ಹೇಳಿಕೊಂಡಿದ್ದಾರೆ. ಯೋಚನೆ ಮಾಡಿ, ಇಷ್ಟು ಹಟದ ಮನುಷ್ಯ ಬಿಟ್ಟಿದ್ದು. ಇನ್ನೊಂದು ವಿಷಯ, ‘ಟೋಕಿಯೋ ಸ್ಟೋರಿ’ಯ ಅಜ್ಜನೂ ಇದೇ ರ್ಯು. ಆಗ ಅವರಿಗೆ ಇನ್ನೂ 49.

ಅರ್ಧ_ಟಿಕೆಟ್

49?! ಆ ಬಾಗಿದ ಬೆನ್ನು, ಆ ನಿಧಾನ... ಸರಿ ಬಿಡಿ, ಅದು ನನಗೆ ಗೊತ್ತಿರಲಿಲ್ಲ.

ಆದರೂ ಒಂದು ಮಾತು. ಅವರ ಹತ್ತಿರವೇ ಸಹಾಯಕರಾಗಿದ್ದ ಶೋಹೆ ಇಮಾಮುರಾ ಆಮೇಲೆ ಪೂರ್ತಿ ಉಲ್ಟಾ ದಾರಿ ಹಿಡಿದರು. ಕೊಳೆ, ಬೆವರು, ಗದ್ದಲ ಎಲ್ಲ ತುಂಬಿದ ಸಿನಿಮಾ ತೆಗೆದರು. ಓಜು ನಟರನ್ನು ಬೊಂಬೆ ಥರ ಕೂರಿಸುತ್ತಿದ್ದರು ಅನ್ನುವ ದೂರು ಆಗಲೂ ಇತ್ತು. ಅದನ್ನು ಪೂರ್ತಿ ತಳ್ಳಿಹಾಕಬೇಡಿ.

ಯೊಕೊಹಾಮಾ_ಫಿಲ್ಟರ್_ಕಾಫಿ

ತಳ್ಳಿಹಾಕುವುದಿಲ್ಲ. ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಓಜು ನೋಡಿಯೇ ಇಲ್ಲ. ಅಜ್ಜಿ ಕಾಲದ ಸಿನಿಮಾ ಅನ್ನುತ್ತಾರೆ. ಆ ಕಾಲದಲ್ಲೂ ಇದು ತೀರಾ ಜಪಾನಿ, ಹೊರಗಿನವರಿಗೆ ಅರ್ಥವಾಗುವುದಿಲ್ಲ ಅಂತ ಕಂಪನಿಯವರು ಹೊರದೇಶಕ್ಕೆ ಕಳಿಸಲು ಹಿಂದೇಟು ಹಾಕಿದರು. ‘ಟೋಕಿಯೋ ಸ್ಟೋರಿ’ ನ್ಯೂಯಾರ್ಕಿನಲ್ಲಿ ಬಿಡುಗಡೆ ಆಗಿದ್ದು 1972ರಲ್ಲಿ, ಓಜು ಸತ್ತು ಎಂಟು ವರ್ಷ ದಾಟಿದ ಮೇಲೆ. ನಮ್ಮ ಗಿರೀಶ್ ಕಾಸರವಳ್ಳಿ ಅವರ ಮೇಲೆ ಪುಣೆಯಲ್ಲಿ ಓದುವಾಗ ಪ್ರಭಾವ ಬೀರಿದವರಲ್ಲಿ ಓಜು ಕೂಡ ಒಬ್ಬರು. ಎಲ್ಲಿಂದ ಎಲ್ಲಿಗೆ ನೋಡಿ.

ಅವರ ಸಮಾಧಿ ಕಿತಾ-ಕಾಮಾಕುರಾದ ಎಂಗಾಕುಜಿ ದೇವಸ್ಥಾನದಲ್ಲಿದೆ. ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆ. ಕಲ್ಲಿನ ಮೇಲೆ ಹೆಸರಿಲ್ಲ, ಒಂದೇ ಅಕ್ಷರ, ‘ಮು’. ಇಲ್ಲ, ಏನೂ ಇಲ್ಲ ಅಂತ ಅರ್ಥ. ನಾನು ಹೋದಾಗ ಯಾರೋ ಸಾಕೆ ಬಾಟಲಿ, ಬಿಯರ್ ಡಬ್ಬಿ ಇಟ್ಟು ಹೋಗಿದ್ದರು. ಹುಟ್ಟಿದ್ದು 1903ರ ಡಿಸೆಂಬರ್ 12, ತೀರಿಕೊಂಡಿದ್ದು 1963ರ ಡಿಸೆಂಬರ್ 12. ಸರಿಯಾಗಿ 60. ಅಲ್ಲೂ ಫ್ರೇಮ್ ಅಳತೆ ತಪ್ಪಲಿಲ್ಲ.

ಹಿಂದಿನ_ಸಾಲು

ನಾನೇ, ಪ್ರಶ್ನೆ ಕೇಳಿದವನು. ನಿನ್ನೆ ಶನಿವಾರ ಬೆಳಿಗ್ಗೆ ಕಾಫಿ ಜೊತೆ ಮತ್ತೆ ಮೊದಲಿಂದ ಹಾಕಿದೆ. ಅಮ್ಮ ತಾವೇ ಬಂದು ಕೂತರು.

ಈ ಸಲ ನಿದ್ದೆ ಬರಲಿಲ್ಲ. ಮೊದಲ ದೃಶ್ಯದಲ್ಲಿ ಗಂಡ ಹೆಂಡತಿ ಪ್ರಯಾಣಕ್ಕೆ ಸಾಮಾನು ಜೋಡಿಸುತ್ತಾ ಕೂತಿರುತ್ತಾರೆ. ಗಾಳಿ ತುಂಬುವ ದಿಂಬು ಸಿಗುವುದಿಲ್ಲ. ನಿನಗೇ ಕೊಟ್ಟೆ ಅನ್ನುತ್ತಾರೆ ಅಜ್ಜ, ನನಗೆ ಕೊಡಲಿಲ್ಲ ಅನ್ನುತ್ತಾರೆ ಅಜ್ಜಿ. ಕೊನೆಗೆ ಅಜ್ಜನ ಚೀಲದಲ್ಲೇ ಇರುತ್ತದೆ. ಅಮ್ಮ ನಕ್ಕಿದ್ದೇ ನಕ್ಕಿದ್ದು, “ಎಲ್ಲಾ ಮನೇಲೂ ಇದೇ.” ಕಿಟಕಿ ಆಚೆ ಪಕ್ಕದ ಮನೆಯವಳು ನಿಂತು, ಊರಿಗೆ ಹೊರಟಿರಾ ಅಂತ ಮಾತಾಡಿಸಿ ಹೋಗುತ್ತಾಳೆ. ಬರೀ ಇಷ್ಟು. ಹಿಂದಿನ ವಾರ ಇದು ಕಣ್ಣಿಗೇ ಬಿದ್ದಿರಲಿಲ್ಲ.

ತಿಥಿ ಊಟದಲ್ಲಿ ಕೂತಿರುವಾಗಲೇ ಆ ಮಗಳು ಅಮ್ಮನ ಬಟ್ಟೆ ತನಗೆ ಬೇಕು ಅನ್ನುತ್ತಾಳಲ್ಲ, ಅಲ್ಲಿ ನಮ್ಮಮ್ಮ ಟೀವಿಗೆ ಬೆರಳು ತೋರಿಸಿ, “ನೋಡು, ನಾನು ಅವತ್ತೇ ಹೇಳಿದ್ನಾ? ಬೂದಿ ಆರಿಲ್ಲ, ಆಗಲೇ ಸೀರೆ ಲೆಕ್ಕ” ಅಂದರು. ನಾನಿನ್ನೂ ಅವಳು ಏನು ಕೇಳಿದಳು ಅಂತ ಬಾಯಿ ಬಿಟ್ಟಿರಲಿಲ್ಲ. ಅವಳ ಕ್ಲೋಸಪ್ ಇಲ್ಲ, ದುಷ್ಟ ಸಂಗೀತ ಇಲ್ಲ. ಎಲ್ಲರನ್ನೂ ತೋರಿಸಿದ ಹಾಗೇ ಅವಳನ್ನೂ ತೋರಿಸಿದ್ದಾರೆ.

ಎಲ್ಲ ಮುಗಿದು ಮಕ್ಕಳು ಟೋಕಿಯೋಗೆ ಹೋದ ಮೇಲೆ ಅಜ್ಜ ಅದೇ ಕೋಣೆಯಲ್ಲಿ ಕೂತಿರುತ್ತಾರೆ. ಅದೇ ಕಿಟಕಿ. ಅದೇ ಪಕ್ಕದ ಮನೆಯವಳು ಬಂದು ಮಾತಾಡಿಸುತ್ತಾಳೆ. ಹೀಗಾಗುತ್ತದೆ ಅಂತ ಗೊತ್ತಿದ್ದರೆ ಬದುಕಿರುವಾಗ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ ಅನ್ನುತ್ತಾರೆ ಅಜ್ಜ. ನಾನು ಸಬ್‌ಟೈಟಲ್ ಓದಿ ಅಮ್ಮನಿಗೆ ಹೇಳಲು ತಿರುಗಿದೆ. ಅವರು ಅಜ್ಜನನ್ನು ನೋಡುತ್ತಿರಲಿಲ್ಲ. ತೆರೆಯ ಇನ್ನೊಂದು ಪಕ್ಕ, ಏನೂ ಇಲ್ಲದ ಜಾಗ ನೋಡುತ್ತಿದ್ದರು. “ಅಲ್ಲಿ ಕೂತಿದ್ದಳಲ್ಲ” ಅಂದರು.

ಆಗ ಹಿಂದಕ್ಕೆ ಹಾಕಿ ಮೊದಲ ದೃಶ್ಯ ಮತ್ತೆ ನೋಡಿದೆ. ಹೌದು, ಅಲ್ಲೇ ಕೂತಿದ್ದರು.

ಮುಕ್ಕಾಲಿ_ಮಂಜ

ಕ್ಯಾಮೆರಾ ಅಲ್ಲಾಡಿಸಿದ್ದರೆ ನಿಮ್ಮ ಅಮ್ಮನಿಗೆ ಆ ಜಾಗ ನೆನಪಿರುತ್ತಿರಲಿಲ್ಲ ಸಾರ್.

ಅರ್ಧ_ಟಿಕೆಟ್

ಸರಿ ಮಾರಾಯರೇ, ಚಾಳಿ ಅಂದಿದ್ದನ್ನು ವಾಪಸ್ ತಗೊಂಡೆ. ಹೆಸರುಗಳ ಬಗ್ಗೆ ಅಂದಿದ್ದು ಮಾತ್ರ ವಾಪಸ್ ಇಲ್ಲ.

ಹಿಂದಿನ_ಸಾಲು

ಅಮ್ಮ ಮುಂದಿನ ವಾರ ಇನ್ನೊಂದು ಹಾಕು ಅಂದಿದ್ದಾರೆ. “ಅಳಿಸೋದು ಬೇಡ” ಅಂತ ಕಂಡೀಷನ್. ಅಕ್ಕನ ಮಕ್ಕಳೂ ಬರುತ್ತಾರೆ, ಒಬ್ಬನಿಗೆ ಏಳು, ಇನ್ನೊಬ್ಬನಿಗೆ ಹತ್ತು. ಯಾವುದು ಹಾಕಲಿ?

ಬೆಳ್ಳಿತೆರೆ_ಬೆಕ್ಕು

‘ಗುಡ್ ಮಾರ್ನಿಂಗ್’, 1959. ಟೀವಿ ಕೊಡಿಸಿ ಅಂತ ಇಬ್ಬರು ಹುಡುಗರು ಹಟ ಹಿಡಿಯುತ್ತಾರೆ. ಅಪ್ಪ ಬಾಯಿ ಮುಚ್ಚು ಅನ್ನುತ್ತಾನೆ. ಅವತ್ತಿಂದ ಹುಡುಗರು ನಿಜವಾಗಿಯೂ ಬಾಯಿ ಮುಚ್ಚಿಬಿಡುತ್ತಾರೆ, ಮನೆಯಲ್ಲೂ ಶಾಲೆಯಲ್ಲೂ. ಕ್ಯಾಮೆರಾ ಅದೇ ತಗ್ಗು, ಓಣಿ ಅದೇ ಚೌಕಟ್ಟು. ಆದರೆ ಹೂಸಿನ ಜೋಕುಗಳಿವೆ, ಬೇಕಾದಷ್ಟು. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.

ಹಿಂದಿನ_ಸಾಲು

ಹೇಳುವುದಿಲ್ಲ. ಅವರ ಮುಖ ನೋಡಬೇಕು.